ಬೆಳಿಗ್ಗೆ ಆರರ ಹೊಗೆ

ಕಳೆದ ಭಾನುವಾರ ನಮ್ಮ ಮಹಡಿಯ ಮೇಲೆ ಡ್ರೋನ್ ಬಂದು ಗುಂಯ್‌ಗುಟ್ಟಿದಾಗ ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ನನ್ನಷ್ಟು ಖುಷಿಯಾದವರು ಯಾರೂ ಇರಲಿಲ್ಲ. ತಾರಿಹಾಳದ ಕಾರ್ಖಾನೆಗಳು ಇವತ್ತು ಸಿಕ್ಕಿಬೀಳುತ್ತವೆ!

ಪಕ್ಕದ ಮನೆಯ ಗಿರಿಜಕ್ಕನಿಗೆ ಒಂದು ವರ್ಷದಿಂದ ಉಬ್ಬಸ. ಬೆಳಗಿನ ಹೊತ್ತು ಎರಡು ಮಾತಾಡಿದರೆ ಮೂರನೆಯದಕ್ಕೆ ಇನ್‌ಹೇಲರ್ ಬೇಕು. ಇದು ಕಾರ್ಖಾನೆ ಹೊಗೆಯದೇ ಕೆಲಸ ಎಂದು ತೀರ್ಮಾನಿಸಿ, ಓಣಿಯವರಿಂದೆಲ್ಲ ಸಹಿ ಹಾಕಿಸಿ ಅರ್ಜಿ ಸಿದ್ಧಮಾಡಿದವನು ನಾನೇ. (ಅರ್ಜಿ ಬರೆಯುವುದರಲ್ಲಿ ನನ್ನದು ಎತ್ತಿದ ಕೈ.)

"ಕೊಡೂಕಿಂತ ಮೊದ್ಲ ಒಮ್ಮಿ ಅಳದು ನೋಡೂಣ್ರಿ ಕಾಕಾ" ಎಂದಳು ಗಿರಿಜಕ್ಕನ ಮಗಳು ಸವಿತಾ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಾಳೆ. ತಾರಿಹಾಳದಿಂದ ನಮ್ಮ ಮಹಡಿಯವರೆಗೆ ಅಲ್ಲಲ್ಲಿ ಸೋಪಿನ ಗಾತ್ರದ ಡಬ್ಬಿಗಳನ್ನು ಕಟ್ಟಿಸಿದಳು. ವೈರಿಲ್ಲ, ಕರೆಂಟಿಲ್ಲ. ತಾಸಿಗೊಮ್ಮೆ ಎದ್ದು ಗಾಳಿಯಲ್ಲಿನ ಹೊಗೆ ಅಳೆದು, ಬರೆದಿಟ್ಟುಕೊಂಡು, ಮತ್ತೆ ಮಲಗುತ್ತವೆ. ಹಾಗೆ ಮಲಗುವುದರಿಂದಲೇ ಒಂದು ಸೆಲ್ ತಿಂಗಳುಗಟ್ಟಲೆ ಬಾಳುತ್ತದಂತೆ. (ನಮ್ಮ ಕೆಲವು ಕಚೇರಿಗಳೂ ಮಲಗುತ್ತವೆ. ಏಳುವುದನ್ನು ಮಾತ್ರ ಮರೆತಿವೆ.) ವಾರಕ್ಕೊಮ್ಮೆ ಡ್ರೋನ್ ಮೇಲೆ ಹಾರಿ, ಡಬ್ಬಿಗಳು ಬರೆದಿಟ್ಟಿದ್ದನ್ನೆಲ್ಲ ಎತ್ತಿಕೊಂಡು ಬರುತ್ತದೆ.

ಆ ಭಾನುವಾರ ಡ್ರೋನ್ ಇಳಿದ ಮೇಲೆ ಸವಿತಾ ನಮ್ಮ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದಳು. ತಾರಿಹಾಳದ ಕಡೆ ಹೊಗೆಯ ಗೆರೆ ಏರಿದ್ದು ನಿಜ. ಆದರೆ ನಮ್ಮ ಓಣಿ ಮುಟ್ಟುವಷ್ಟರಲ್ಲಿ ಇಳಿದಿತ್ತು. ಒಂದು ಡಬ್ಬಿಯಲ್ಲಿ ಮಾತ್ರ, ದಿನಾ ಬೆಳಿಗ್ಗೆ ಆರಕ್ಕೆ, ಗೆರೆ ನೆಟ್ಟಗೆ ನಿಂತಿತ್ತು.

"ಇದು ಯಾರ ಮನೀದವಾ?"

"ನಿಮ್ದರಿ ಕಾಕಾ."

"ಡಬ್ಬಿ ಕೆಟ್ಟೈತಿ ತಗೋ" ಎಂದೆ. ಬೇರೆ ಏನು ಹೇಳಲಿ?

"ಡ್ರೋನಿಗೂ ಒಂದ ಸೆನ್ಸರ್ ಹಾಕೇನ್ರಿ. ಇವತ್ತ ಬೇಕಂತನ ಆರಕ್ಕ ಹಾರಿಸಿದ್ದೆ. ಅದೂ ಇದನ್ನ ಹೇಳತೈತಿ."

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಆರಕ್ಕ ನೀವ ಹಂಡೇದ ಒಲಿ ಹಚ್ಚತೀರಲ್ರಿ!"

ಹೌದು. ಗೀಜರ್ ಇದ್ದರೂ ನನಗೆ ತಾಮ್ರದ ಹಂಡೆಯ ನೀರೇ ಬೇಕು. ಕಟ್ಟಿಗೆ ಬೇಗ ಹೊತ್ತಲೆಂದು ಹಾಲಿನ ಕವರು, ಪಾರ್ಸೆಲ್ ಡಬ್ಬಿ, ಒಮ್ಮೊಮ್ಮೆ ಹರಿದ ಚಪ್ಪಲಿ. ಮನೆಯ ಕಸವೆಲ್ಲ ಬಚ್ಚಲ ಒಲೆಗೆ ಹೋಗಬೇಕು ಎನ್ನುವುದು ನಮ್ಮಪ್ಪನ ಕಾಲದ ಪದ್ಧತಿ. ಅವರ ಕಸವೆಂದರೆ ಶೇಂಗಾ ಸಿಪ್ಪೆ, ಹತ್ತಿ ಕಟ್ಟಿಗೆ. ನನ್ನದು ಪ್ಲಾಸ್ಟಿಕ್. ಹೊಗೆ ಕೊಳವೆಯ ಬಾಯಿ ಇರುವುದು ಗಿರಿಜಕ್ಕನ ಕಿಟಕಿಯ ಕಡೆಗೆ.

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಗಿರಿಜಕ್ಕನ ಮನೆಗೆ ಹೋದೆ. "ತಪ್ಪಾತ್ರಿ ಅಕ್ಕಾರ. ನಾಳಿಂದ ಒಲಿ ಬಂದ್" ಎಂದೆ.

ಗಿರಿಜಕ್ಕ ಏದುಸಿರಿನಲ್ಲೇ ನಕ್ಕರು. "ನನಗ ಗೊತ್ತಿತ್ತು ತಮ್ಮಾ. ದಿನಾ ಚಪ್ಪಲಿ ಸುಟ್ಟ ವಾಸನಿ ಬರ್ತಿತ್ತು. ನನ್ನ ಸಲುವಾಗಿ ಅಷ್ಟ ಓಡ್ಯಾಡಿ ಸಹಿ ಹಾಕಸಾಕತ್ತಿದ್ದಿ. ಹೆಂಗ ಹೇಳ್ಲಿ?"

ತಾರಿಹಾಳದ ಗೆರೆಯನ್ನೇನೂ ನಾನು ಮರೆತಿಲ್ಲ. ಅರ್ಜಿಯನ್ನು ತಿದ್ದಿ ಬರೆಯುತ್ತಿದ್ದೇನೆ. ಆದರೆ ಬರೆಯಲು ಕೂತಾಗಲೆಲ್ಲ ಪಕ್ಕದ ಗೋಡೆ ಕಾಣುತ್ತದೆ.

ಎದೆಯೆತ್ತರದ ಆ ಗೋಡೆ ದಾಟಿ ಒಂದು ಮಾತು ಬರಲು ಆಕಾಶದಲ್ಲಿ ಡ್ರೋನ್ ಹಾರಬೇಕಾಯಿತೇ?