ಮಡಿ ಸೀರೆಯ ಮೇಲಿನ ಕೂದಲು

ಯಶವಂತಪುರದಲ್ಲಿ ನಾವಿದ್ದ ಮನೆಯ ಹಿತ್ತಲ ಬೇಲಿಯ ಆಚೆಗೇ ಗೂಡ್ಸ್ ಯಾರ್ಡು. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಡಬ್ಬಿಗಳನ್ನು ಜೋಡಿಸುವಾಗ ಎಂಜಿನ್ನು ಸಾಲಿನ ಆ ತುದಿಯಲ್ಲಿ ಗುದ್ದುತ್ತಿತ್ತು. ಆ ಗುದ್ದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುತ್ತಾ ಈ ತುದಿಗೆ ಬರುತ್ತಿತ್ತು. ಢಣ್, ಢಣ್, ಢಣ್. ಈಗಲೂ ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ನಾನು ಮುಂದಿನ ಗುದ್ದಿಗೆ ಕಾಯುತ್ತೇನೆ. ಅದು ಅತ್ತಿಗೆಯ ಕೈವರೆಗೆ ಬರಲು ಇನ್ನೆಷ್ಟು ಡಬ್ಬಿ ಇದೆ ಎಂದು ಲೆಕ್ಕ ಹಾಕುತ್ತೇನೆ. ಕೂಗಲು ಸಮಯವಿತ್ತು. ನೆನೆಸಿಕೊಂಡ ಪ್ರತಿ ಸಲವೂ ಸಮಯವಿರುತ್ತದೆ.

ಮನೆಯಲ್ಲಿ ನಾವು ನಾಲ್ಕೇ ಜನ: ಅಮ್ಮ, ಅಣ್ಣ, ಅತ್ತಿಗೆ, ನಾನು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅತ್ತಿಗೆ ಬಂದು ಐದು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಎರಡು ಸಲ ನಿಂತಿದ್ದ ಬಸಿರು ಎರಡು ಸಲವೂ ಇಳಿದುಹೋಗಿತ್ತು. ಎರಡನೆಯ ಸಲ ಅವಳು ಹಾಸಿಗೆ ಹಿಡಿದಿದ್ದಾಗ ಬೇಲಿ ನುಸುಳಿ ಬಂದ ಒಂದು ಕಂದು-ಬಿಳಿ ಬೆಕ್ಕಿನ ಮರಿ ಅವಳ ಕಾಲ ಬಳಿ ಮಲಗಿತು. ಎದ್ದು ಓಡಾಡುವಂತಾದ ಮೇಲೂ ಅವಳು ಅದನ್ನು ಬಿಡಲಿಲ್ಲ. ತವರಿನಿಂದ ತಂದ ಟ್ರಂಕು ಬಿಟ್ಟರೆ ಆ ಮನೆಯಲ್ಲಿ ಅವಳದು ಎನ್ನುವಂಥದ್ದು ಅದೊಂದೇ ಇತ್ತು.

ಬೆಕ್ಕು ಕೂದಲು ಉದುರಿಸುತ್ತಿತ್ತು. ಚಾಪೆ, ಕಂಬಳಿ, ಅಣ್ಣನ ಆಫೀಸಿನ ಪ್ಯಾಂಟು, ಒಂದನ್ನೂ ಬಿಡುತ್ತಿರಲಿಲ್ಲ. ಅತ್ತಿಗೆ ದಿನಾ ಬೆಳಿಗ್ಗೆ ಅಂಗೈ ಒದ್ದೆ ಮಾಡಿಕೊಂಡು ಕಂಬಳಿಯ ಮೇಲೆ ಒಂದೇ ದಿಕ್ಕಿಗೆ ಉಜ್ಜುತ್ತಿದ್ದಳು. ಕೂದಲೆಲ್ಲ ಸುರುಳಿಯಾಗಿ ಬತ್ತಿಯಂತೆ ಕೈಗೆ ಬರುತ್ತಿತ್ತು. ಮೊದಮೊದಲು ಅದನ್ನು ಹಂಡೆಯ ಒಲೆಗೆ ಹಾಕುತ್ತಿದ್ದಳು. ಸುಟ್ಟ ವಾಸನೆಗೆ ಅಮ್ಮ "ಮನೆಯೋ ಸ್ಮಶಾನವೋ ಇದು?" ಎಂದಳು. ಆಮೇಲೆ ಕನಕಾಂಬರದ ಗಿಡದ ಬುಡದಲ್ಲಿ ಹೂಳತೊಡಗಿದಳು. ಮೂಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಪೊರಕೆ ಹಾಕಿದರೆ ಕೂದಲು ಮೇಲೆದ್ದು ಇನ್ನೊಂದು ಕಡೆ ಕೂರುತ್ತದೆ ಎಂದು ನನಗೆ ಹೇಳಿಕೊಟ್ಟವಳೂ ಅವಳೇ.

ಅಮ್ಮನೂ ಕೂದಲು ಹುಡುಕುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ಒಂದು ತೆಂಗಿನ ಕರಟದಲ್ಲಿ ಕೂಡಿಟ್ಟು, ಮಧ್ಯಾಹ್ನ ಅತ್ತಿಗೆ ಊಟಕ್ಕೆ ಕೂತಾಗ ಎಲೆಯ ಪಕ್ಕ, ಉಪ್ಪಿನಕಾಯಿ ಬಡಿಸುವ ಕಡೆ ಇಡುತ್ತಿದ್ದಳು.

"ತಿನ್ನು. ಹೇಗೂ ಅದೇ ಹೊಟ್ಟೆಗೆ ಹೋಗಿ ತಾನೇ ಬಸಿರು ನಿಲ್ತಿಲ್ಲ."

ಅತ್ತಿಗೆ ತಲೆ ಎತ್ತದೆ ಅನ್ನ ಕಲಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದೆ.

ಅಮ್ಮನ ಮಡಿ ಬಹಳ ಕಟ್ಟುನಿಟ್ಟು. ಅವಳ ಸೀರೆಯನ್ನು ದೇವರ ಕೋಣೆಯಲ್ಲಿ ಎತ್ತರಕ್ಕೆ ಕಟ್ಟಿದ್ದ ಬಿದಿರುಗಳುವಿನ ಮೇಲೆ ಕೋಲಿನಿಂದ ಹರವಬೇಕು. ಒಣಗಿದ ಮೇಲೆ ಸ್ನಾನ ಮಾಡಿದ ಅಮ್ಮ ಮಾತ್ರ ಅದನ್ನು ತೆಗೆಯಬೇಕು. ಕಿಟಕಿಯಿಂದ ಯಾರ್ಡಿನ ಮಸಿ ಹಾರಿಬಂದು ಸೀರೆಯ ಮೇಲೆ ಕೂರುತ್ತಿತ್ತು. ಅದು ಮೈಲಿಗೆಯಲ್ಲ, ಕೊಡವಿದರೆ ಆಯಿತು. ಬೆಕ್ಕಿನ ಒಂದೇ ಒಂದು ಕೂದಲು ಬಿದ್ದರೆ ಮಾತ್ರ ಸೀರೆ ಮತ್ತೆ ನೀರಿಗೆ, ಅಮ್ಮ ಮತ್ತೆ ಸ್ನಾನಕ್ಕೆ, ಅಡುಗೆ ಮಧ್ಯಾಹ್ನಕ್ಕೆ. ಒಂದು ದಿನ ಅಮ್ಮ ಖಂಡಿತವಾಗಿ ಹೇಳಿಬಿಟ್ಟಳು: "ಇನ್ನೊಂದು ಸಲ ನನ್ನ ಮಡಿ ಸೀರೆ ಮೇಲೆ ಕೂದಲು ಕಂಡರೆ ಅದು ಈ ಮನೇಲಿರಲ್ಲ." ಅಂದಿನಿಂದ ಅತ್ತಿಗೆ ದೇವರ ಕೋಣೆಯ ಬಾಗಿಲ ಕೆಳಗಿನ ಸಂದಿಗೂ ಬಟ್ಟೆ ತುರುಕಿದಳು. ಬೆಕ್ಕು ಆ ಕಡೆ ಸುಳಿಯದಂತೆ ಹಗಲೆಲ್ಲ ಕಾದಳು.

ಎರಡು ವಾರ ಏನೂ ಆಗಲಿಲ್ಲ. ಆಮೇಲೊಂದು ಭಾನುವಾರ ಅಮ್ಮ ದೇವರ ಕೋಣೆಯಿಂದಲೇ ಕೂಗಿದಳು. ಸೀರೆಯ ಅಂಚಿನಲ್ಲಿ ಒಂದು ಕೂದಲು. ಅವಳು ಮುಟ್ಟುವಂತಿರಲಿಲ್ಲ.

"ಕಡ್ಡೀಲಿ ತೆಗಿಯೇ ಅದನ್ನ. ನಿನ್ನ ಅಣ್ಣನಿಗೆ ತೋರಿಸು."

ತೆಗೆದು ಅಂಗೈಯಲ್ಲಿಟ್ಟುಕೊಂಡೆ. ತುದಿ ಕಂದು, ಬುಡ ಬಿಳಿ. ಬೆರಳಿನಿಂದ ಬಗ್ಗಿಸಿದೆ. ಒಣಹುಲ್ಲಿನ ಎಸಳಿನ ಹಾಗೆ ಮುರಿಯಿತು.

ಬೆಕ್ಕಿನ ಕೂದಲು ಮುರಿಯುವುದಿಲ್ಲ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಳಗೆ ಟೊಳ್ಳಿದ್ದು ಹೀಗೆ ಪಟ್ಟನೆ ಮುರಿಯುವುದು ಜಿಂಕೆಯ ಕೂದಲು. ಕಾಲೇಜಿನಲ್ಲಿ ಎರಡನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ಬರೆದಿದ್ದೆ. ತಲೆ ಎತ್ತಿ ನೋಡಿದೆ. ಗಳುವಿನ ಇನ್ನೊಂದು ತುದಿಯಲ್ಲಿ ಅಪ್ಪನ ಕೃಷ್ಣಾಜಿನ ಮಡಿಸಿ ಹಾಕಿತ್ತು. ಅಪ್ಪ ಹೋದ ಮೇಲೆ ಅಣ್ಣ ಅದರ ಮೇಲೆ ಕೂತು ಸಂಧ್ಯಾವಂದನೆ ಮಾಡುತ್ತಿದ್ದ. ಹಳೆಯ ಚರ್ಮ, ನಡುವೆ ಬೋಳಾಗಿತ್ತು. ಉದುರಿದ ಕೂದಲೆಲ್ಲ ಎಲ್ಲಿಗೆ ಹೋಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಅದು ಪವಿತ್ರವಾದದ್ದು.

ನಾನು ಹೇಳಲಿಲ್ಲ. ಕಾಲೇಜು ಬಿಡಿಸುತ್ತೇನೆಂದು ಅಣ್ಣ ಅಷ್ಟರಲ್ಲೇ ಎರಡು ಸಲ ಹೆದರಿಸಿದ್ದ. ನಾನು ಬಾಯಿ ಬಿಟ್ಟಿದ್ದರೆ, ಓದಿದ ಜಂಬದಿಂದ ಅಪ್ಪನ ಕೃಷ್ಣಾಜಿನಕ್ಕೆ ದೋಷ ಹೇಳುತ್ತಾಳೆ ಎನ್ನುತ್ತಿದ್ದ. ಇದೊಂದು ಕಾರಣ. ಇನ್ನೊಂದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅತ್ತಿಗೆ ಬೈಸಿಕೊಳ್ಳುತ್ತಿರುವವರೆಗೂ ಆ ಮನೆಯಲ್ಲಿ ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ಮುರಿದ ಎರಡು ತುಂಡನ್ನೂ ಲಂಗಕ್ಕೆ ಒರೆಸಿಕೊಂಡೆ.

"ಕೊಂದುಗಿಂದೀಯೋ, ಚಿನ್ನದ ಬೆಕ್ಕು ಮಾಡಿಸಿ ಕಾಶೀಲಿ ದಾನ ಕೊಡ್ಬೇಕಾಗತ್ತೆ. ಜೀವ ತೆಗೀಬೇಡ," ಎಂದಳು ಅಮ್ಮ ಅಣ್ಣನಿಗೆ. "ಗೂಡ್ಸಿಗೆ ಹಾಕಿಬಿಡು."

ನಮ್ಮ ಬೀದಿಯ ಕ್ರಮವೇ ಅದು. ಬೇಡದ ಬೆಕ್ಕನ್ನು ಯಾರೂ ಕೊಲ್ಲುತ್ತಿರಲಿಲ್ಲ. ಗೋಣಿಚೀಲದಲ್ಲಿ ಕಟ್ಟಿ ತುಮಕೂರಿನ ಕಡೆ ಹೊರಟ ಡಬ್ಬಿಗೆ ಎಸೆದು ಬಂದು ಕೈ ತೊಳೆದುಕೊಳ್ಳುತ್ತಿದ್ದರು. ಮುಂದೆ ಅದು ಸತ್ತರೆ ಪಾಪ ರೈಲಿನದು.

ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೆಕ್ಕು ನನ್ನ ಕೈಗೆ ಸುಲಭವಾಗಿ ಬಂತು, ನನ್ನ ಗುರುತು ಅದಕ್ಕಿತ್ತು. ಚೀಲದ ಬಾಯಿ ಹಿಡಿದವಳು ನಾನು, ಹುರಿ ಬಿಗಿದವನು ಅಣ್ಣ. ಅಣ್ಣನ ಜೊತೆ ಮುಂಬಾಗಿಲಿನಿಂದ ಹೊರಟು ಸುತ್ತಿ ಯಾರ್ಡಿಗೆ ಹೋದೆ. ಅವನು ಚೀಲವನ್ನು ಎರಡು ಸಲ ತೂಗಿ ಮೇಲ್ಛಾವಣಿಯಿಲ್ಲದ ಒಂದು ಡಬ್ಬಿಯೊಳಗೆ ಎಸೆದ. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು, ಅದರ ಹಿಂದೆಯೇ ಬೆಕ್ಕಿನ ಕೂಗು. ಆ ಕೂಗು ಬೇಲಿ ದಾಟಿ ಹಿತ್ತಲಿಗೂ ಹೋಯಿತು.

ಅತ್ತಿಗೆ ಬೇಲಿ ಮುರಿದುಕೊಂಡು ಬಂದಳು. ಬರಿಗಾಲು, ಕೈತುಂಬಾ ಸೋಪಿನ ನೊರೆ. ಡಬ್ಬಿಯ ಗೋಡೆ ಅವಳ ತಲೆಗಿಂತ ಎತ್ತರ. ಹತ್ತಲು ಬೇರೆ ದಾರಿಯಿಲ್ಲದೆ ಎರಡು ಡಬ್ಬಿಗಳ ನಡುವೆ ನುಗ್ಗಿ, ಅವನ್ನು ಜೋಡಿಸಿದ್ದ ಕಬ್ಬಿಣದ ಮೇಲೆ ಎಡಗೈ ಊರಿ ಕಾಲೆತ್ತಿದಳು.

ಆಗ ದೂರದಲ್ಲಿ ಎಂಜಿನ್ನು ಸಿಳ್ಳೆ ಹಾಕಿತು.

"ಲೇ, ಇಳಿಯೇ ಕೆಳಗೆ, ಸೀರೆ ಹರಿಯತ್ತೆ," ಎಂದ ಅಣ್ಣ. ನಿಂತ ಕಡೆಯಿಂದ ಕದಲಲಿಲ್ಲ. ನನ್ನ ಕಡೆ ತಿರುಗಿ ನಕ್ಕ. "ಹೋಗಲಿ ಬಿಡೇ. ಎರಡೂ ಒಟ್ಟಿಗೇ ತುಮಕೂರು ಸೇರ್ಕೊಳ್ಳಲಿ."

ಢಣ್. ಸಾಲಿನ ಆ ತುದಿ. ಢಣ್. ನನಗೆ ಅರ್ಥವಾಗಿತ್ತು, ಹುಟ್ಟಿದಾಗಿನಿಂದ ಆ ಸದ್ದಿನ ಪಕ್ಕದಲ್ಲೇ ಬೆಳೆದವಳು ನಾನು. ಅತ್ತಿಗೆ ಕೋಲಾರದ ಕಡೆಯ ಹಳ್ಳಿಯವಳು, ಐದು ವರ್ಷ ಆ ಸದ್ದು ಕೇಳಿದ್ದರೂ ಬೇಲಿಯಾಚೆ ಕಾಲಿಟ್ಟವಳಲ್ಲ, ಗುದ್ದು ಸಾಲುಸಾಲಾಗಿ ತನ್ನ ಕಡೆ ಬರುತ್ತಿದೆಯೆಂದು ಅವಳಿಗೆ ತಿಳಿಯದು. ಢಣ್, ಢಣ್. ಬಾಯಿ ತೆರೆದಿದ್ದೆ. ಒಣಗಿದ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಪಕ್ಕದ ಡಬ್ಬಿ ನಡುಗಿತು.

ಅತ್ತಿಗೆ ಕಬ್ಬಿಣದ ಮೇಲಿದ್ದ ಕೈಯನ್ನು ಎಳೆದುಕೊಂಡಳು, ಅದು ಪೂರ್ತಿ ಬರಲಿಲ್ಲ. ಆಯ ತಪ್ಪಿ ಹಳಿಗಳ ನಡುವೆ ಬಿದ್ದಳು. ಡಬ್ಬಿ ನಿಧಾನಕ್ಕೆ ಉರುಳತೊಡಗಿತು. ಬಾವುಟ ಹಿಡಿದು ನಿಂತಿದ್ದ ರೈಲ್ವೆ ಆಳೊಬ್ಬ ಓಡಿಬಂದು, ಕೈಗೆ ಮೊದಲು ಸಿಕ್ಕಿದ್ದು ಅವಳ ಜಡೆಯಾದ್ದರಿಂದ ಜಡೆಯನ್ನೇ ಹಿಡಿದು ಹೊರಕ್ಕೆ ಎಳೆದ. ಗಾಲಿ ಅವಳ ಪಾದದಿಂದ ಗೇಣು ದೂರದಲ್ಲಿ ಹೋಯಿತು.

"ಏನಮ್ಮಾ, ಸಾಯಕ್ಕೆ ಬೇರೆ ಜಾಗ ಸಿಗ್ನಿಲ್ವಾ?" ಎಂದು ಬೈದವನು ಆಮೇಲೆ ಅವಳ ಕೈ ನೋಡಿದ. ಅವನ ಬೆರಳುಗಳಿಗೆ ಅವಳ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಅತ್ತಿಗೆ ಕೈ ನೋಡಿಕೊಳ್ಳಲಿಲ್ಲ. ಹೊರಟುಹೋಗುತ್ತಿದ್ದ ಡಬ್ಬಿಯನ್ನೇ ನೋಡುತ್ತಿದ್ದಳು. ಬೆಕ್ಕು ಇನ್ನೂ ಕೂಗುತ್ತಿತ್ತು.

ಮನೆಯ ಬಾಗಿಲಲ್ಲಿ ಅಮ್ಮ ಅಡ್ಡ ನಿಂತಳು. ನಡೆದದ್ದನ್ನು ಅಣ್ಣ ಹೇಳಿದ.

"ಕಂಡವನು ಜಡೆ ಹಿಡಿದನಾ? ತಲೆಗೆ ಎರಡು ಚೊಂಬು ನೀರು ಸುರಿದು ಒಳಗೆ ಕರ್ಕೊಂಡು ಬಾ."

ನೀರು ಸುರಿದವಳು ನಾನು. ಅಂಗಳದ ಕಲ್ಲಿನ ಮೇಲೆ ಕೆಂಪು ನೀರು ಹರಿದು ಚರಂಡಿ ಸೇರಿತು. ಆಮೇಲೆ ಜಟಕಾ ಬಂತು, ಆಸ್ಪತ್ರೆಗೆ ಹೋದರು. ಎಡಗೈಯ ನಡುಬೆರಳು, ಉಂಗುರದ ಬೆರಳು ಅರ್ಧರ್ಧ ಹೋದವು.

ಗಾಯ ಒಣಗಿ ತಿಂಗಳಾಗಿರಲಿಲ್ಲ. ಅಮ್ಮ ಮತ್ತೆ ದೇವರ ಕೋಣೆಯಿಂದ ಕೂಗಿದಳು. ಸೀರೆಯ ಮೇಲೆ ಕೂದಲು.

"ಹೋದರೂ ಬಿಟ್ಟಿಲ್ಲ ನೋಡು ಶನಿ. ಮೂಲೆ ಮೂಲೆ ಒರೆಸ್ಲಿ ಅವಳು."

ಅತ್ತಿಗೆ ಬಕೆಟ್ಟು ತಂದು ಮಂಡಿಯೂರಿ ಕೂತಳು. ಬಟ್ಟೆ ಹಿಂಡಲು ಎಡಗೈ ಬಗ್ಗುತ್ತಿರಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಲಗೈಯಿಂದ ತಿರುಚಿದಳು. ಅದನ್ನು ನೋಡಿ ನನ್ನ ಬಾಯಿಂದ ಮಾತು ಹೊರಟಿತು.

"ಅದು ಬೆಕ್ಕಿಂದಲ್ಲಮ್ಮ. ಕೃಷ್ಣಾಜಿನದ್ದು. ಬಗ್ಗಿಸಿದರೆ ಮುರಿಯತ್ತೆ, ನೋಡು."

ಅಮ್ಮನ ಕಣ್ಣೆದುರಿಗೇ ಮುರಿದು ತೋರಿಸಿದೆ. ಅವಳು ಗಳುವಿನ ಕಡೆ ನೋಡಿದಳು, ಸೀರೆಯ ಕಡೆ ನೋಡಿದಳು. ಮುಖದ ಬಿಗಿ ಸಡಿಲವಾಯಿತು.

"ಜಿಂಕೇದಾ? ಅಯ್ಯೋ, ಹಾಗಾದ್ರೆ ಮೈಲಿಗೆ ಇಲ್ಲ ಬಿಡು. ಸುಮ್ಮನೆ ಇನ್ನೊಂದು ಸ್ನಾನ ಮಾಡ್ತಿದ್ದೆ."

ಅದೇ ಸೀರೆ ಉಟ್ಟು ಪೂಜೆಗೆ ಕೂತಳು.

ಅತ್ತಿಗೆ ಬಟ್ಟೆ ಕೆಳಗಿಟ್ಟಿದ್ದಳು. ಒಳಗೆ ಗಂಟೆಯ ಸದ್ದು ನಿಂತ ಮೇಲೆ ಕೇಳಿದಳು:

"ನಿಂಗೆ ಯಾವಾಗ ಗೊತ್ತಾಯ್ತು?"

"ಈಗ," ಎಂದೆ. "ಮೊನ್ನೆ ಕಾಲೇಜಲ್ಲಿ ಪಾಠ ಆಯ್ತು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ತುದಿ ಕಚ್ಚಿ, ಹಿಂಡಿ, ನಾನು ನಿಂತಿದ್ದ ಜಾಗವನ್ನು ಒರೆಸಲು ನನ್ನ ಕಾಲನ್ನು ಪಕ್ಕಕ್ಕೆ ಸರಿಸಿದಳು.