ಟಕ್ಕರ್ ಮನೆಯ ಅಂಗಿ

ಚಿನ್ನದ ಗಣಿಯ ಸೈರನ್ ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲವದು. ಎಂಬತ್ತರ ದಶಕದ ಆರಂಭ. ನಾನು ಏಳನೇ ತರಗತಿ. ದಿನಚರಿ ಬರೆಯುವ, ಕಂಡದ್ದನ್ನೆಲ್ಲ ಎಣಿಸಿಡುವ ಚಾಳಿ ಆಗಲೇ ಅಂಟಿತ್ತು. ಬಂಗಾರಪೇಟೆ ಕಡೆಯ ನಮ್ಮೂರಿನಿಂದ ರಾಬರ್ಟ್‌ಸನ್‌ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಚಳಿಗಾಲದಲ್ಲಿ ನಾನು ಎಣಿಸಿದ್ದು ಇಂಗ್ಲಿಷರ ಮನೆತನದ ಹೆಸರುಗಳನ್ನು.

ಅದಕ್ಕೆ ಕಾರಣ ಡೊರೀನ್ ಟಕ್ಕರ್. ನನ್ನ ಬೆಂಚಿನವಳು, ಆಂಗ್ಲೋ ಇಂಡಿಯನ್ ಹುಡುಗಿ. ಅವಳ ಮುತ್ತಜ್ಜ ಗಣಿ ಕೆಲಸಕ್ಕೆಂದು ಇಂಗ್ಲೆಂಡಿನಿಂದ ಬಂದವನಂತೆ. ಹೆಸರುಗಳ ಅರ್ಥ ಹೇಳುವ ದಪ್ಪ ಪುಸ್ತಕವೊಂದು ಅವರ ಮನೆಯಲ್ಲಿತ್ತು. ಶನಿವಾರ ಮಧ್ಯಾಹ್ನ ಅದನ್ನು ಹೊತ್ತು ಇಬ್ಬರೂ ಗಣಿಯ ಇಂಗ್ಲಿಷ್ ದೊರೆಗಳ ಸಮಾಧಿಗಳ ಕಡೆಗೆ ಹೋಗುತ್ತಿದ್ದೆವು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದಿಂದ ಹಾರಿಬಂದು ಕಲ್ಲಿನ ಮೇಲೆ ಕೂತ ಬಿಳಿ ಧೂಳನ್ನು ಲಂಗದ ಅಂಚಿನಿಂದ ಒರೆಸಿ ಹೆಸರು ಓದುವುದು, ಅವಳಮ್ಮ ಕಟ್ಟಿಕೊಟ್ಟ ಸಕ್ಕರೆ ಪಾಕದ ಕ್ರಿಸ್ಮಸ್ ತಿಂಡಿ ಕಲ್‌ಕಲ್ ಕುರುಕುತ್ತ ಅರ್ಥ ಹುಡುಕುವುದು.

ಸ್ಮಿತ್ ಎಂದರೆ ಕಮ್ಮಾರ. ಟೇಲರ್ ದರ್ಜಿ. ಕೂಪರ್ ಮರದ ಪೀಪಾಯಿ ಮಾಡುವವನು. ಜಾನ್ಸನ್ ಬರೀ ಜಾನನ ಮಗ. ‘ಟ್ರೆ’ ಎಂದು ಶುರುವಾದರೆ ಅದು ಊರಿನ ಹೆಸರು, ನಮ್ಮಲ್ಲಿ ‘ಹಳ್ಳಿ’ ಎಂದು ಮುಗಿದಂತೆ. ಕುದುರೆ ಮೇಲೆ ಕೂತೇ ಹುಟ್ಟಿದವರೆಂದು ನಾನು ನಂಬಿದ್ದ ದೊರೆಗಳು ಒಬ್ಬೊಬ್ಬರಾಗಿ ಇಳಿದು ಕುಲುಮೆ ಊದತೊಡಗಿದರು.

“ನಿಂದು?” ಎಂದೆ.

ಡೊರೀನ್ ಪುಟ ತಿರುವಿದಳು, ಓದಿದಳು, ಪುಸ್ತಕ ಮುಚ್ಚಿಬಿಟ್ಟಳು. ನಾನು ಕಿತ್ತುಕೊಂಡು ಓದಿದೆ. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು, ಕೊಳೆ ತೆಗೆದು, ಗಟ್ಟಿಮಾಡುವವನು ಟಕ್ಕರ್.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಶಾಲೆಯಲ್ಲಿ ‘ಅಪ್ಪ ಗಣಿಯಲ್ಲಿದ್ದಾರೆ’ ಎಂದಷ್ಟೇ ಹೇಳಿದ್ದೆ. ಸುಳ್ಳೇನಲ್ಲ. ಆದರೆ ತಾತ ಬಂಗಲೆಗಳ ಬಟ್ಟೆ ಒಗೆಯುವುದನ್ನು ಬಾಯಿ ಬಿಟ್ಟಿರಲಿಲ್ಲ. ಹಿಂದಿನ ವರ್ಷ ನಮ್ಮವನೇ ಒಬ್ಬ ಅಗಸರ ಹುಡುಗನ ಹಿಂದೆ ಉಳಿದವರು ಕತ್ತೆಯಂತೆ ಅರಚಿ ಅರಚಿ ಅವನು ಶಾಲೆ ಬಿಡುವ ಹಾಗೆ ಮಾಡಿದ್ದರು.

“ಡೊರೀನ್, ನಿಮ್ಮನೆ ಬಟ್ಟೆ ಒಗೆಯೋದು ಯಾರು?”

“ಮುನಿಯಪ್ಪ. ಯಾಕೆ?”

“ನಮ್ ತಾತ ಕಣೇ.”

ಅವಳು ಕಣ್ಣರಳಿಸಿದಳು. ಆಮೇಲೆ ಜೋರಾಗಿ ನಕ್ಕಳು. “ಅಯ್ಯೋ, ಹಂಗಾದ್ರೆ ನಾವು ಕಸಿನ್ಸ್ ಡೀ!”

“ಯಾರ್ಗೂ ಹೇಳ್ಬೇಡ.”

“ಪ್ರಾಮಿಸ್ ಡೀ. ನಿಂದು ನಾನು ಹೇಳಲ್ಲ, ನಂದು ನೀನು ಹೇಳ್ಬೇಡ.”

ಆಮೇಲಿನ ಎರಡು ವಾರ, ಕೈಗೆ ಅಂಟಿದ್ದ, ಬಟ್ಟೆಗೆ ಹಾಕುವ ಗಂಜಿಯ ಹುಳಿವಾಸನೆಯನ್ನು ಅವಳ ಪಕ್ಕದಲ್ಲಿ ಮುಚ್ಚಿಡಬೇಕಾಗಿರಲಿಲ್ಲ.

ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಒಬ್ಬೊಬ್ಬರು ಎದ್ದು ಮಾತಾಡಬೇಕಿತ್ತು. ಡೊರೀನ್ ಸರದಿ ಬಂದಾಗ ಹೆಸರುಗಳ ಅರ್ಥವನ್ನೇ ಹೇಳಿದಳು. ಹಿಂದಿನ ಬೆಂಚಿನ ಸೆಲ್ವಂ ಕೇಳಿದ, “ಟಕ್ಕರ್ ಅಂದ್ರೆ?”

“ಶೂರ. ಯುದ್ಧದಲ್ಲಿ ಹಿಂದೆ ಸರಿಯದವನು.”

ಆ ಸುಳ್ಳನ್ನು ನಾನು ನುಂಗಿಕೊಂಡುಬಿಡುತ್ತಿದ್ದೆನೇನೋ. ಆದರೆ ನಗು ತಡೆಯಲಾಗಲಿಲ್ಲ.

“ಮಿಸ್, ರತ್ನ ನಗ್ತಾವ್ಳೆ! ಅವಳಿಗೆ ಬೇರೆ ಅರ್ಥ ಗೊತ್ತು!” ಎಂದ ಸೆಲ್ವಂ.

ಡೊರೀನ್ ಮುಖ ಕೆಂಪಾಯಿತು. “ಅವಳಿಗೇನು ಗೊತ್ತು? ಅವಳಿಗೆ ಸರ್‌ನೇಮೇ ಇಲ್ಲ. ಇದ್ದಿದ್ರೆ ದೋಬಿ ಅಂತ ಇರ್ತಿತ್ತು. ನಮ್ಮನೆ ದೋಬಿ ಮೊಮ್ಮಗಳು ಅವಳು.”

ತರಗತಿ ಗೊಳ್ಳೆಂದಿತು. ಮಿಸ್ ಕೂಡ ನಗು ಅಡಗಿಸಲು ಕಿಟಕಿಯ ಕಡೆ ತಿರುಗಿದರು. ಬಸ್ಸು ಹತ್ತುವವರೆಗೂ ನನ್ನ ಬೆನ್ನ ಹಿಂದೆ ಕತ್ತೆ ಅರಚುತ್ತಿತ್ತು.

ಮನೆಗೆ ಬಂದರೆ ತಾತ ಗಂಟು ಬಿಚ್ಚಿ ಕೂತಿದ್ದರು. ಓದು ಬಾರದ ಅವರು ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಕಾಲರಿನೊಳಗೆ ಒಗೆದರೂ ಹೋಗದ ಕರಿಗೇರು ಬೀಜದ ಮಸಿಯಲ್ಲಿ ಚುಕ್ಕೆ, ಗೀಟು ಹಾಕುತ್ತಿದ್ದರು. ನಮ್ಮ ಸ್ವಂತ ಬಟ್ಟೆಗೆ ಮಾತ್ರ ಗುರುತಿಲ್ಲ. ಆಗ ಕೈಯಲ್ಲಿದ್ದದ್ದು ಟಕ್ಕರ್ ಮನೆಯ ಹೊಸ ಅಂಗಿ.

ಸಿಟ್ಟಿನಲ್ಲಿ ಅಂದೆ, “ತಾತ, ಅವ್ರೇನು ದೊಡ್ಡೋರಲ್ಲ. ಟಕ್ಕರ್ ಅಂದ್ರೆ ನೀರಾಗೆ ಬಟ್ಟೆ ತುಳಿಯೋನು ಅಂತ. ಪುಸ್ತಕದಾಗೈತೆ.”

“ಅದು ಅವ್ರ ಇಂಟಿಪೇರಾ? ಮನೆತನದ ಎಸ್ರಾ?”

“ಊಂ.”

ತಾತನ ಮುಖ ಅರಳಿತು. “ಅಂಗಾದ್ರೆ ನಮ್ಮೋರು ಅನ್ನು! ಅದುಕ್ಕೇ ನೋಡು, ಆ ಮನೆ ಅಮ್ಮ ಒಂದ್ ದಿನಾನೂ ಬಟ್ಟೆ ಎಸ್ದು ಕೊಟ್ಟೋಳಲ್ಲ, ಕೈಗೇ ಕೊಡ್ತಾಳೆ. ಅವ್ರ ಮಗ್ಳು ನಿಮ್ ಇಸ್ಕೂಲ್ನಾಗೇ ಅಲ್ವೇನೇ? ನಿನ್ ಜೊತೆ ಚೆನ್ನಾಗವ್ಳಾ?”

“ಚೆನ್ನಾಗವ್ಳೆ” ಎಂದೆ.

ತಾತ ಮಸಿಯ ಕಡ್ಡಿ ಕೆಳಗಿಟ್ಟರು. “ನಮ್ಮೋರ ಬಟ್ಟೆಗೆ ಗುರ್ತು ಯಾಕೆ?” ಎನ್ನುತ್ತ ಆ ಅಂಗಿಯನ್ನು ಹಾಗೆಯೇ ನಮ್ಮ ಬಟ್ಟೆಗಳ ಮೇಲೆ ಹಾಕಿದರು.

ಗಣಿ ಮುಚ್ಚುವುದಕ್ಕೆ ಎಷ್ಟೋ ಮೊದಲೇ ಟಕ್ಕರ್ ಮನೆಯವರು ಊರು ಬಿಟ್ಟರು. ಬಂಗಲೆಗಳು ಖಾಲಿಯಾದವು, ಒಗೆಯುವ ಕೆಲಸವೂ ನಿಂತಿತು. ಇವನ್ನೆಲ್ಲ ಹೋದವುಗಳ ಲೆಕ್ಕಕ್ಕೆ ಬರೆಯಬಲ್ಲೆ. ಆದರೆ ನನ್ನ ಮನೆಯ ಕೆಲಸವನ್ನು ನಾನಾಗಿ ಒಬ್ಬರ ಮುಂದೆ ಹೇಳಿ, ಅವರ ಜೊತೆ ಕೂತು ನಗುವ ಧೈರ್ಯ ಆ ಶುಕ್ರವಾರ ಹೋದದ್ದು ಕಾಲೇಜಿನಲ್ಲಾಗಲಿ ಕಚೇರಿಯಲ್ಲಾಗಲಿ ಮರಳಲಿಲ್ಲ. ತಾತ ಮಾತ್ರ ಸಾಯುವವರೆಗೂ ಕ್ರಿಸ್ಮಸ್ ಹತ್ತಿರವಾದರೆ “ನಮ್ಮೋರು ಈಗ ಎಲ್ಲವ್ರೋ” ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಎದ್ದು ಒಳಗೆ ಹೋಗಿರುತ್ತಿದ್ದೆ.