ಬೆರಳ ಗೆಣ್ಣು ಬಿಸಿಯಾದರೆ

ನನ್ನ ಗಂಡ ಇಸ್ತ್ರಿ ಮಾಡುತ್ತಿದ್ದರು. ಮೂವತ್ತೊಂದು ವರ್ಷ, ಒಂದೇ ಅಂಗಡಿ, ಮನೆಯ ಮುಂದಿನ ಕೋಣೆ. ಮಾತು ಜಾಸ್ತಿ. ಗಿರಾಕಿಯ ಅಂಗಿ ಬಿಡಿಸಿ ಹಿಡಿದು, "ಗುಂಡಿ ಅಳ್ತಾ ಇದೆ ಸ್ವಾಮಿ, ಊಟ ಕಮ್ಮಿ ಮಾಡಿ" ಅನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ಬೆರಳ ಗೆಣ್ಣುಗಳು ಊದಿದವು. ಮೈ ಕಾಯಬೇಕಾದ ರಕ್ತವೇ ಮೈಮೇಲೆ ತಿರುಗಿಬಿದ್ದಿದೆ ಎಂದರು ಕೀಲು ಡಾಕ್ಟರು. ಮಾತ್ರೆ ಕೊಟ್ಟರು. ನೋವು ಬಂದು ಹೋಗುತ್ತಿತ್ತು.

ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಗೆಣ್ಣು ಬಿಸಿಯಾದ ಎರಡನೇ ದಿನಕ್ಕೆ ಅವರ ಬಾಯಿ ಕಟ್ಟುತ್ತಿತ್ತು. ತಟ್ಟೆಯ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದರು. ಕರೆದರೆ ತಿರುಗುತ್ತಿದ್ದರು, ಆದರೆ ಆ ಕಣ್ಣಲ್ಲಿ ನನ್ನ ಗುರುತು ಇರುತ್ತಿರಲಿಲ್ಲ. ಒಮ್ಮೆ ಅಂಗಡಿಯ ಅಂಗಿಗಳನ್ನೆಲ್ಲ ಕುತ್ತಿಗೆಯ ತನಕ ಗುಂಡಿ ಹಾಕಿ, ಗೋಡೆಗೆ ಮುಖ ಮಾಡಿ ತೂಗುಹಾಕಿದ್ದರು.

"ಯಾಕ್ರೀ ಹೀಗೆ?"

"ನನ್ನನ್ನೇ ನೋಡ್ತಾವೆ ಕಣೇ."

ಕಾವು ಇಳಿದ ಮೇಲೆ ಮತ್ತೆ ಅವರೇ ಆಗುತ್ತಿದ್ದರು.

ಕೀಲು ಡಾಕ್ಟರಿಗೆ ಹೇಳಿದೆ. "ಅದು ಮನಸ್ಸಿಂದಮ್ಮ, ಬೇರೆಯವರಿಗೆ ತೋರ್ಸಿ" ಅಂದರು. ಮನಸ್ಸಿನ ಡಾಕ್ಟರು ಬೆರಳು ಮುಟ್ಟಲಿಲ್ಲ. ನಾನೇ ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದೆ. "ಇಸ್ತ್ರಿ ಪೆಟ್ಟಿಗೆ ಕಾದಿದ್ಯಾ ನೋಡ್ತಿದೀಯಾ?" ಎಂದು ರೇಗಿಸುತ್ತಿದ್ದರು. ಬಿಸಿ ಕಂಡರೆ ಒಬ್ಬರನ್ನೇ ಬಿಡುತ್ತಿರಲಿಲ್ಲ.

ಮಗಳಿಗೆ ದಿನ ತುಂಬಿತ್ತು. ಅವಳ ಊರು ಬಸ್ಸಿನಲ್ಲಿ ಒಂದು ದಿನದ ದಾರಿ. ಹೊರಡುವ ಬೆಳಿಗ್ಗೆ ಅವರ ಕೈ ಹಿಡಿದೆ. ತಣ್ಣಗಿತ್ತು. ನೆಮ್ಮದಿಯಿಂದ ಹೊರಟೆ.

ಮೂರನೇ ದಿನ ಅವರು ಫೋನ್ ಎತ್ತಲಿಲ್ಲ. ಹೆಣ್ಣು ಮಗು ಹುಟ್ಟಿತ್ತು, ಅದನ್ನು ಬೀಗಿತ್ತಿಯ ಕೈಗಿಟ್ಟು ಬಂದೆ. ಮನೆ ಮುಟ್ಟಿದಾಗ ಮರುದಿನ ಮಧ್ಯಾಹ್ನ. ಅಂಗಡಿ ಬಾಗಿಲು ತೆರೆದೇ ಇತ್ತು. ಅಂಗಿಗಳೆಲ್ಲ ಗೋಡೆಯ ಕಡೆ. ಆ ಸಾಲಿನ ಕೊನೆಗೆ ಅವರೂ ನಿಂತಿದ್ದರು, ಗೋಡೆಗೆ ಮುಖ ಮಾಡಿ, ಕೈ ಜೋಲುಬಿಟ್ಟು, ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಮೊದಲು ನಾನು ಅದನ್ನೂ ಅಂಗಿ ಎಂದೇ ತಿಳಿದೆ. ಕೈ ಮುಟ್ಟಿದರೆ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಹೊಸ ಡಾಕ್ಟರಮ್ಮ ನನ್ನ ಮಾತು ಪೂರ್ತಿ ಕೇಳಿದರು. "ಬಾಯಿ ಕಟ್ಟೋಕೆ ಎಷ್ಟು ದಿನ ಮೊದ್ಲು ಗೆಣ್ಣು ಬಿಸಿ ಆಗುತ್ತೆ?" ಎಂದು ಕೇಳಿ ಬರೆದುಕೊಂಡರು. ಮೈಯ ಉರಿ ಕೆಲವರಲ್ಲಿ ಮಿದುಳಿಗೂ ಮುಟ್ಟಿ ಮನಸ್ಸನ್ನು ಕೆಳಗೆ ಎಳೆಯುತ್ತದಂತೆ. ರಕ್ತದ ಆ ಸಿಟ್ಟು ಇಳಿಸುವ ಜೋರು ಮದ್ದು ಇದೆ, ಆದರೆ ಆಗ ಹೊರಗಿನ ರೋಗ ಸುಲಭವಾಗಿ ಒಳಗೆ ಬರುತ್ತದೆ ಎಂದರು. ನಾನು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ.

ಮದ್ದು ಕೊಟ್ಟ ಮೂರನೇ ಬೆಳಿಗ್ಗೆ ಅವರು ಹಾಸಿಗೆಯ ಬಟ್ಟೆ ಹಿಡಿದು, "ಇದನ್ನ ಯಾರೇ ಇಸ್ತ್ರಿ ಮಾಡಿದ್ದು, ದನ ನೆಕ್ಕಿದ ಹಾಗಿದೆ" ಅಂದರು.

ನನಗೆ ಅಳು ಬಂತು.

"ಅಳ್ಬೇಡ್ವೇ. ಮೊಮ್ಮಗಳು ಯಾರ ಹಾಗಿದಾಳೆ ಹೇಳು. ನೀನು ಹೋಗ್ಲಿ ಅಂತಾನೇ ಅವತ್ತು ಐಸ್ ನೀರಲ್ಲಿ ಕೈ ಇಟ್ಕೊಂಡಿದ್ದು. ಬಿಸಿ ಇದ್ರೆ ನೀನೆಲ್ಲಿ ಹೊರಡ್ತಿದ್ದೆ?"

ಬೈಯಬೇಕು ಅನ್ನಿಸಿತು. ಬೈಯಲಿಲ್ಲ. "ಅಂಗಿ ಯಾಕೆ ತಿರುಗಿಸಿದ್ರಿ?" ಎಂದೆ.

ಅವರು ಹಾಸಿಗೆ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿದರು. "ನಾನಲ್ಲ ಕಣೇ. ನೀನು ಹೋದ್ಮೇಲೆ ಅಂಗಡೀಲಿ ಇದ್ದಿದ್ದು ನಾನಲ್ಲ."

ಆರು ದಿನ ಮಾತಾಡಿದರು. ಏಳನೇ ದಿನ ಶ್ವಾಸಕೋಶಕ್ಕೆ ಸೋಂಕು ಹತ್ತಿತು, ಎರಡು ದಿನದಲ್ಲಿ ಹೋದರು. ಮದ್ದು ಬೇಡ ಅನ್ನಬೇಕಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ. ಗೋಡೆ ನೋಡುತ್ತ ನಿಂತವನನ್ನು ಅವಳು ಕಂಡಿಲ್ಲ. ಇನ್ನೊಮ್ಮೆ ಕಾಗದ ತಂದರೂ ಸಹಿ ಹಾಕುತ್ತೇನೆ. ಆರು ದಿನ ಆ ಹಾಸಿಗೆಯಲ್ಲಿ ಇದ್ದವರು ನನ್ನ ಗಂಡ.